ಮಕ್ಕಳು ‘ಆಂಗ್ಸೈಟಿ’, ‘ಪಿಸಿಓಡಿ’ ಎಂದಾಗ ಏನು ಕೇಳಬೇಕು?

ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮುಂಬೈಯ ನಮ್ಮ ಮಕ್ಕಳ ಬಾಯಲ್ಲಿ ಆಂಗ್ಸೈಟಿ, ಡಿಪ್ರೆಶನ್, ಪ್ಯಾನಿಕ್, ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಅಂಡಾಶಯದ ತೊಂದರೆ) ಎಂಬ ಮಾತುಗಳು ಸಲೀಸಾಗಿ ಬರುತ್ತವೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಡೊಂಬಿವಲಿ, ಮುಲುಂಡ್ ಕಡೆಯ ಅಪ್ಪ ಅಮ್ಮಂದಿರು ಇದನ್ನು ಕೇಳಿ ಒಂದೋ ಗಾಬರಿಯಾಗುತ್ತಾರೆ, ಇಲ್ಲವೇ ‘ಎಲ್ಲಾ ಮೊಬೈಲ್ ನೋಡಿ ಕಲಿತದ್ದು’ ಎಂದು ಗದರುತ್ತಾರೆ. ಎರಡರಿಂದಲೂ ಮಗು ಮಾತು ನಿಲ್ಲಿಸುತ್ತದೆ. ಕಾಯಿಲೆಯ ಹೆಸರು ಸರಿಯೋ ತಪ್ಪೋ ಎಂಬ ವಾದ ಆಮೇಲಿರಲಿ.

ಮೊದಲು ಕೇಳಬೇಕಾದದ್ದು

ಎಷ್ಟು ದಿನದಿಂದ ಹೀಗಾಗುತ್ತಿದೆ? ಮನೆಯಲ್ಲಿ ಮಾತ್ರವೋ, ಶಾಲೆಯಲ್ಲೂ ಹೀಗೆಯೋ? ಇದರಿಂದ ನಿನ್ನ ಯಾವ ಕೆಲಸ ನಿಂತಿದೆ? ಇಷ್ಟು ಕೇಳಿ, ನಡುವೆ ಬಾಯಿ ಹಾಕದೆ ಉತ್ತರ ಕೇಳಿಸಿಕೊಳ್ಳಿ. ವೈದ್ಯರೂ ಇದನ್ನೇ ಕೇಳುತ್ತಾರೆ.

ಉತ್ತರವನ್ನು ಹೆಸರಿನ ಪಕ್ಕ ಇಟ್ಟು ನೋಡಿ

ಬೋರ್ಡ್ ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆ ತೊಳಸಿದರೆ ಅದು ಎಲ್ಲರಿಗೂ ಇರುವ ಭಯ. ಪರೀಕ್ಷೆ ಮುಗಿದು ವಾರಗಳಾದರೂ ಚಿಂತೆ ಬಿಡದೆ, ಮಗು ಕ್ಲಾಸಿಗೆ, ಗೆಳೆಯರ ಮನೆಗೆ ಹೋಗುವುದನ್ನೇ ತಪ್ಪಿಸತೊಡಗಿದರೆ ಆಂಗ್ಸೈಟಿ ಎಂಬ ಮಾತಿಗೆ ಆಧಾರವಿದೆ. ಪ್ಯಾನಿಕ್ ಅಟ್ಯಾಕ್ ಬೇರೆ. ಲೋಕಲ್ ಟ್ರೇನಿನ ಗರ್ದಿಯಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ‘ಸತ್ತೇಹೋಗುತ್ತೇನೆ’ ಅನ್ನಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ತಾರಕಕ್ಕೇರಿ ಇಳಿಯುತ್ತದೆ. ಆಗ ಪಕ್ಕದಲ್ಲಿ ಕುಳಿತು ನಿಧಾನವಾಗಿ ಉಸಿರು ಬಿಡಲು ಹೇಳಿ. ಮೊದಲ ಸಲವಾದರೆ ವೈದ್ಯರಿಗೆ ತೋರಿಸಲೇಬೇಕು. ಅಸ್ತಮಾ, ಥೈರಾಯ್ಡ್ ತೊಂದರೆ ಕೂಡ ಇದೇ ರೀತಿ ಕಾಣಿಸಬಹುದು.

ಡಿಪ್ರೆಶನ್ ಎನ್ನಲು ಕನಿಷ್ಠ 2 ವಾರ ದಿನದ ಬಹುಪಾಲು ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಉಳಿದಿರಬಾರದು. ಜೊತೆಗೆ ನಿದ್ದೆ, ಹಸಿವು, ಗಮನ ಏರುಪೇರಾಗಿರುತ್ತದೆ. ಹದಿಹರೆಯದಲ್ಲಿ ಇದು ಅಳುವಿಗಿಂತ ಸಿಡುಕಾಗಿ ಕಾಣಿಸುವುದೂ ಉಂಟು. ‘ಕೊಬ್ಬು ಜಾಸ್ತಿಯಾಗಿದೆ’ ಎಂದು ಬೈಯುವ ಮೊದಲು ದಯವಿಟ್ಟು ಇದನ್ನು ನೆನಪಿಡಿ.

ಎಡಿಎಚ್‌ಡಿಯ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರುತ್ತವೆ. ಮನೆ, ಶಾಲೆ ಎರಡೂ ಕಡೆ ಕಾಣುತ್ತವೆ. ಹದಿನೈದರಲ್ಲಿ ಹಠಾತ್ತನೆ ಗಮನ ಚದುರತೊಡಗಿದರೆ ನಾನು ಮೊದಲು ನಿದ್ದೆಯ ಲೆಕ್ಕ ಕೇಳುತ್ತೇನೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮೈಯ ಗಡಿಯಾರವೇ ಈಗ ತಡವಾಗಿ ನಿದ್ದೆ ಬರಿಸುತ್ತದೆ, ಶಾಲೆ ಮಾತ್ರ ಬೆಳಿಗ್ಗೆ ಏಳಕ್ಕೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂಬತ್ತಕ್ಕೆ ಮುಂಚೆ ಶಾಲೆ ಬೇಡವೆಂದು ಆದೇಶಿಸಿದ್ದು ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಮಾತ್ರ.

ಪಿಸಿಓಡಿ: ಅವಸರ ಬೇಡ

ಇಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಇಲ್ಲ. ಹುಡುಗಿ ದೊಡ್ಡವಳಾದ ಮೊದಲ ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ. ಆಮೇಲೂ ಒಂದೆರಡು ವರ್ಷ 21ರಿಂದ 45 ದಿನದ ಅಂತರ ಇರಬಹುದು. ಒಂದು ವರ್ಷ ಕಳೆದ ಮೇಲೂ 90 ದಿನ ದಾಟಿದರೆ, ಅಥವಾ ಗಲ್ಲದ ಮೇಲೆ ಒರಟು ಕೂದಲು, ಕುತ್ತಿಗೆಯ ಹಿಂದೆ ಕಪ್ಪು ಕಂಡರೆ ತೋರಿಸಿ. ಆ ಕಪ್ಪು ತಿಕ್ಕಿದರೆ ಹೋಗುವ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಮೊದಲ ಮುಟ್ಟಿನಿಂದ 8 ವರ್ಷದವರೆಗೆ ಸೋನೋಗ್ರಫಿ ಆಧರಿಸಿ ಪಿಸಿಓಡಿ ನಿರ್ಧರಿಸಬಾರದು ಎಂಬುದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಈ ವಯಸ್ಸಿನ ಆರೋಗ್ಯವಂತ ಅಂಡಾಶಯದಲ್ಲೂ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ.

ಸದಾ ಸುಸ್ತು ಎನ್ನುವ ಹುಡುಗಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಕೊಡಬೇಡಿ; ಲಿಂಬೆ ಪಾನಕ ಒಳ್ಳೆಯದು.

ಕಷ್ಟದ ಪ್ರಶ್ನೆಯನ್ನು ನೇರವಾಗಿ ಕೇಳಿ

ಕೈ ಕುಯ್ದುಕೊಂಡ ಗುರುತು ಕಂಡರೆ, ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂಬ ಮಾತು ಬಂದರೆ, ‘ಸಾಯುವ ಯೋಚನೆ ಬಂದಿದೆಯಾ ಮಗಾ?’ ಎಂದೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮನೆಯ ಮಾತ್ರೆ, ಫಿನಾಯಿಲ್ ಎತ್ತಿಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿಗೆ ಹೋಗಬೇಕು?

ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲಿನ ನಾಯರ್ ಮೂರರಲ್ಲೂ ಮನೋರೋಗ ವಿಭಾಗದ ಓಪಿಡಿ ಇದೆ. ಹೋಗುವ ಮೊದಲು ಮಾತಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆ ಹಗಲಿರುಳೂ ಇದೆ; ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಮರಾಠಿ, ಹಿಂದಿಯಲ್ಲಿ ಮನಸ್ಸು ಬಿಚ್ಚಲಾಗದ ಅಮ್ಮಂದಿರಿಗೆ ಇದು ದೊಡ್ಡ ಆಸರೆ.

ಕೇಸ್ ಪೇಪರ್ ಮಾಡಿಸುವಾಗ ಮುಟ್ಟಿನ ತಾರೀಕು, ನಿದ್ದೆಯ ಗಂಟೆ, ಶಾಲೆ ತಪ್ಪಿಸಿದ ದಿನಗಳನ್ನು ಬರೆದ ಚೀಟಿ ಕೈಯಲ್ಲಿರಲಿ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಕೂರಿ, ಮಗು ವೈದ್ಯರೊಡನೆ ತಾನೇ ಮಾತಾಡಲಿ. ‘ಒಳಗೆ ಏನೆಲ್ಲ ಹೇಳಿದೆ?’ ಎಂದು ಆಮೇಲೆ ಕೆದಕಬೇಡಿ. ಮತ್ತೆ ಯಾವಾಗ ಬರಬೇಕೆಂದು ವೈದ್ಯರನ್ನು ಕೇಳಿಕೊಂಡು ಹೊರಡಿ.