ಹೊಸ ಅಡುಗೆ ಚಾನೆಲ್‌ಗೆ ಕಾಮೆಂಟ್ ಬರತೊಡಗಿದ್ದು ಹೀಗೆ

ವ್ಯೂಸ್ ಇದ್ದರೂ ನಮ್ಮ ಯೂಟ್ಯೂಬ್ ಅಡುಗೆ ಚಾನೆಲ್‌ನಲ್ಲಿ ಕಾಮೆಂಟೇ ಇರಲಿಲ್ಲ. ಕಾರಣ ಸೆಟ್ಟಿಂಗ್‌ನಲ್ಲಿತ್ತು. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೋದಲ್ಲಿ ‘ಮೇಡ್ ಫಾರ್ ಕಿಡ್ಸ್’ಗೆ (ಮಕ್ಕಳಿಗೆಂದೇ ಮಾಡಿದ್ದು) ಹೌದು ಎಂದಿದ್ದರೆ ಕಾಮೆಂಟ್, ಎಂಡ್ ಸ್ಕ್ರೀನ್ (ಕೊನೆಯಲ್ಲಿ ಬೇರೆ ವಿಡಿಯೋ ತೋರಿಸುವ ಜಾಗ), ಕಾರ್ಡ್ (ವಿಡಿಯೋ ನಡುವೆ ಬರುವ ಲಿಂಕ್) ಎಲ್ಲವೂ ಬಂದ್. ಮಕ್ಕಳೂ ನೋಡಬಹುದಾದ ವಿಡಿಯೋ ಬೇರೆ, ಮಕ್ಕಳಿಗೆಂದೇ ಮಾಡಿದ್ದು ಬೇರೆ. ದೊಡ್ಡವರಿಗೆ ಹೇಳಿಕೊಡುವ ಅಡುಗೆಗೆ ‘ಇಲ್ಲ’ ಅನ್ನುವುದೇ ಸರಿ. ಚಾನೆಲ್‌ನಲ್ಲೂ ಪ್ರತಿ ವಿಡಿಯೋದಲ್ಲೂ ನೋಡಿ ಬದಲಿಸಬೇಕು. ಯೂಟ್ಯೂಬ್ ತಡೆಹಿಡಿದ ಕಾಮೆಂಟುಗಳಿರುವ ‘ಹೆಲ್ಡ್ ಫಾರ್ ರಿವ್ಯೂ’ ಪಟ್ಟಿಯನ್ನೂ ಆಗಾಗ ತೆರೆಯಿರಿ, ಒಳ್ಳೆಯ ಕಾಮೆಂಟುಗಳೂ ಅಲ್ಲಿ ಸಿಕ್ಕಿಕೊಂಡಿರುತ್ತವೆ.

ಇಷ್ಟಾದರೆ ಬಾಗಿಲು ತೆರೆದಂತೆ, ಅಷ್ಟೆ. ಜನ ಬರೆಯುವುದು ಪ್ರಶ್ನೆ ಚೆನ್ನಾಗಿದ್ದಾಗ. ‘ಹೇಗಿತ್ತು ತಿಳಿಸಿ’ ಎಂದರೆ ಯಾರೂ ಬರೆಯುವುದಿಲ್ಲ. ಬಿಸಿಬೇಳೆಬಾತ್‌ಗೆ ಬೆಲ್ಲದ ಚೂರು ಹಾಕುತ್ತಿರುವಾಗಲೇ ‘ನಿಮ್ಮನೇಲಿ ಬೆಲ್ಲ ಹಾಕ್ತೀರಾ, ಇಲ್ವಾ?’ ಎಂದು ಕೇಳಿ. ಒಂದೇ ಪದದಲ್ಲಿ ಉತ್ತರಿಸಬಹುದು, ಜೊತೆಗೆ ಪ್ರತಿ ಮನೆಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಪ್ರಶ್ನೆಯನ್ನು ಕೊನೆಗೆ ಇಡಬೇಡಿ, ಅಷ್ಟರಲ್ಲಿ ಬಹಳ ಜನ ಹೋಗಿರುತ್ತಾರೆ. ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ, ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ರಿಟೆನ್ಶನ್ ಗ್ರಾಫ್‌ನಲ್ಲಿ ಗೆರೆ ಎಲ್ಲಿ ಕುಸಿಯುತ್ತದೆಯೋ, ಮುಂದಿನ ವಿಡಿಯೋದಲ್ಲಿ ಅದಕ್ಕಿಂತ ಮೊದಲೇ ಕೇಳಿ. ಅದೇ ಪ್ರಶ್ನೆಯನ್ನು ನೀವೇ ಕಾಮೆಂಟಾಗಿ ಬರೆದು, ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡಿ.

ಬಂದ ಕಾಮೆಂಟಿಗೆ ಬರೀ ಹಾರ್ಟ್ ಒತ್ತಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಹುಣಸೆಹಣ್ಣು ಎಷ್ಟು?’ ಎಂದವರಿಗೆ ‘ನಾಲ್ಕು ಜನಕ್ಕೆ ನಿಂಬೆ ಗಾತ್ರ. ನಿಮಗೆ ಹುಳಿ ಜಾಸ್ತಿ ಬೇಕಾ?’ ಎಂದು ಬರೆಯಿರಿ, ಅವರು ತಿರುಗಿ ಬರುತ್ತಾರೆ.

ಎಂಡ್ ಸ್ಕ್ರೀನ್‌ಗೆ ಕೊನೆಯ 5ರಿಂದ 20 ಸೆಕೆಂಡ್ ಸಿಗುತ್ತದೆ. ಅಲ್ಲಿ ಸಂಬಂಧಪಟ್ಟ ಒಂದೇ ವಿಡಿಯೋ ಇಡಿ, ಬಿಸಿಬೇಳೆಬಾತ್ ಆದಮೇಲೆ ಅದರ ಪುಡಿ ಮಾಡುವುದು.