ಪ್ಯಾಕೇಜ್ ಬಿಟ್ಟು, ಕಾರೂ ಬಿಟ್ಟು, ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ 12 ದಿನ

"ಇಬ್ಬರು ಮಕ್ಕಳು, ಕಾರಿಲ್ಲ, ಅದರ ಮೇಲೆ ಸಸ್ಯಾಹಾರಿಗಳು. ಆಗಲ್ಲ ಬಿಡೋ." ಮ್ಯೂನಿಕ್‌ನ ಗೆಳೆಯರೆಲ್ಲ ಹೇಳಿದ್ದು ಇದೇ. ಆಯಿತು ನೋಡಿ. ನಾಲ್ಕು ಜನಕ್ಕೆ ಎರಡು ಸಾವಿರ ಯೂರೋ ಒಳಗೇ ಮುಗಿಯಿತು.

ಇದು ನಮ್ಮ ಮೂರನೇ ಪ್ರಯತ್ನ. ಮೊದಲ ವರ್ಷ ಆಗಸ್ಟ್‌ನಲ್ಲಿ ಉತ್ತರ ಕರಾವಳಿಯ ಒಂದು ಹೋಟೆಲು, ಸುಮಾರು 3,800 ಯೂರೋ. ಮೆಲ್ಟೆಮಿ ಗಾಳಿ ಉತ್ತರದಿಂದ ಬೀಸುವ ಕಾಲ ಅದು. ಏಳು ದಿನದಲ್ಲಿ ನಾಲ್ಕು ದಿನ ಕೆಂಪು ಬಾವುಟ, ನೀರಿಗಿಳಿಯುವಂತಿಲ್ಲ. ಊಟಕ್ಕೆ ಚಿಪ್ಸ್, ಸಲಾಡ್, ಮತ್ತೆ ಚಿಪ್ಸ್. ಎರಡನೇ ವರ್ಷ ಬಾಡಿಗೆ ಕಾರು. ಮಣ್ಣು ರಸ್ತೆಯಲ್ಲಿ ಟೈರು ಸೀಳಿತು. ಇನ್ಶೂರೆನ್ಸ್‌ನಲ್ಲಿ ಟೈರೂ ಇಲ್ಲ, ಗಾಡಿಯ ತಳವೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಇನ್ನೂರೈವತ್ತರ ಹತ್ತಿರ ಕೈಬಿಟ್ಟಿತು.

ಈ ಸಲ ಮೊದಲು ಬದಲಿಸಿದ್ದು ತಾರೀಖು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶಾಲೆಗೆ ರಜೆ ಸೆಪ್ಟೆಂಬರ್ ಮಧ್ಯದವರೆಗೂ ಇರುತ್ತದೆ ಅಲ್ವಾ? ಆ ಕೊನೆಯ ಎರಡು ವಾರ ಹಿಡಿದೆವು. ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಜನ ಕಮ್ಮಿ. ಕ್ರೀಟ್‌ನ ಪಟ್ಟಣ ಖಾನ್ಯಾಗೆ ವಿಮಾನ ಎಲ್ಲರದ್ದೂ ಸೇರಿ 760 ಯೂರೋ ಇರಬೇಕು. ಯಾವ ವಾರ ಟಿಕೆಟ್ ಕೊಂಡೆ ಅನ್ನೋದನ್ನ ಮಾತ್ರ ಹೇಳಲ್ಲ.

ಆಮೇಲೆ ಊರು. ಖಾನ್ಯಾದಿಂದ ಬೆಟ್ಟ ಹತ್ತಿಳಿದು ಬಸ್ಸಿನಲ್ಲಿ ಎರಡು ಗಂಟೆ ಹೋದರೆ ನೈಋತ್ಯ ತುದಿಯಲ್ಲಿ ಪಲಿಯೋಖೋರಾ. ಸಮುದ್ರಕ್ಕೆ ಚಾಚಿದ ನೆಲದ ಮೇಲೆ ಕೂತ ಊರು. ಪಶ್ಚಿಮಕ್ಕೆ ಮರಳಿನ ತೀರ, ಪೂರ್ವಕ್ಕೆ ಕಲ್ಲುಹರಳಿನದ್ದು. ಒಂದು ಕಡೆ ಗಾಳಿ ಜಾಸ್ತಿಯಾದರೆ ಇನ್ನೊಂದು ಕಡೆಗೆ ನಡೆದುಬಿಡೋದು, ಹತ್ತು ನಿಮಿಷ. ಒಂದು ದಿನವೂ ಈಜು ತಪ್ಪಲಿಲ್ಲ. ನನಗೆ ಈ ಊರು ಸಿಕ್ಕಿದ್ದೇ ದೊಡ್ಡ ಗೆಲುವು.

ರೂಮು ದಿನಕ್ಕೆ 55, ಎರಡು ಒಲೆಯ ಅಡುಗೆಮೂಲೆ ಸಮೇತ. ಮನೆಯಿಂದ ಒಯ್ದಿದ್ದು ಸಾರಿನ ಪುಡಿ, ಹುಣಸೆಹಣ್ಣು, ಒಣಕೊಬ್ಬರಿ, ಒಗ್ಗರಣೆ ಡಬ್ಬಿ. ಕುಕ್ಕರ್ ಇಲ್ಲ. ಅಲ್ಲಿ 'ಫಾವಾ' ಅಂತ ಸಿಗುವ ಹಳದಿ ಬೇಳೆಯಲ್ಲಿ ಮೊದಲ ದಿನ ಬಸ್ಸಾರಿಗೆ ಕೈಹಾಕಿದೆ. ಕಟ್ಟು ಬಸಿಯೋಣ ಅಂದರೆ ಬೇಳೆಯೆಲ್ಲ ಕರಗಿ ಗಂಜಿ! ಅದನ್ನೇ ಸೊಪ್ಪಿನ ಜೊತೆ ಮಸೆದು ಮಸ್ಸೊಪ್ಪು ಮಾಡಿದೆ, ಸೊಗಸಾಗಿತ್ತು. ಬಸ್ಸಾರಿಗೆ ಅಲಸಂದೆ ಕಾಳೇ ಸರಿ. ಅಲ್ಲಿ ಎಲ್ಲ ಅಂಗಡಿಯಲ್ಲೂ ಇದೆ. ರಾತ್ರಿ ನೆನೆಹಾಕಿದರೆ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ, ಆಕಾರ ಕೆಡಲ್ಲ.

ಸೊಪ್ಪಿನ ವಿಷಯಕ್ಕೆ ಬಂದರೆ, ಅವರ 'ವ್ಲೀತಾ' ನಮ್ಮ ದಂಟಿನ ಸೊಪ್ಪಿನ ಜಾತಿಯದ್ದೇ. 'ಗ್ಲಿಸ್ತ್ರೀದಾ' ಅಂದರೆ ಗೋಣಿಸೊಪ್ಪು. ಕಂತೆ ಬಿಚ್ಚಿ ಎಲೆ ಮುರಿದು ಮೂಸಿದಾಗ ಹೆಂಡತಿ "ಅಯ್ಯೋ, ಇದು ನಮ್ಮೂರ ಸಂತೆಯದ್ದೇ" ಅಂದಳು. ಮನೆಯೊಡತಿ ನಮ್ಮ ಪಲ್ಯ ತಿಂದು ನೋಡಿ, ಎದ್ದು ಹೋಗಿ ನಿಂಬೆಹಣ್ಣು, ಆಲಿವ್ ಎಣ್ಣೆ ತಂದು ಸುರಿದರು. ಈಗ ಮನೆಯಲ್ಲೂ ಹಾಗೇ ತಿನ್ನುತ್ತೇವೆ. ಹೊರಗೆ ತಿನ್ನುವಾಗ 'ನಿಸ್ತೀಸಿಮೊ' ಅಂತ ಕೇಳಿ. ಅವರ ಉಪವಾಸದ ಅಡುಗೆ ಅದು, ಮಾಂಸ, ಹಾಲು, ಮೊಟ್ಟೆ ಇರಲ್ಲ. ಆದರೆ ಸಿಗಡಿ, ಸ್ಕ್ವಿಡ್ ಅದರಲ್ಲಿ ನಡೆಯುತ್ತದೆ, ಅದನ್ನ ಬೇರೆಯಾಗಿ ಹೇಳಲೇಬೇಕು.

ಇಲ್ಲಿ ಜನ ಮೇಲಿನಿಂದ ಸಮುದ್ರದವರೆಗೆ ನಡೆದು ಇಳಿಯುವ ಸಮಾರಿಯಾ ಕಣಿವೆ ಇದೆ. ಅದರ 16 ಕಿ.ಮೀ. ಮಕ್ಕಳಿಂದ ಆಗಲ್ಲ. ಅದಕ್ಕೆ ತಲೆಕೆಳಗು ಮಾಡಿದೆವು. ದೋಣಿಯಲ್ಲಿ ಕಣಿವೆಯ ಕೆಳತುದಿಯ ಊರು ಅಗಿಯಾ ರೂಮೆಲಿಗೆ ಹೋಗಿ, ಕೆಳಗಿನಿಂದ ಹತ್ತಿದೆವು. ಆ ಊರಿಗೆ ರಸ್ತೆಯೇ ಇಲ್ಲ. ಬಂಡೆಗಳು ಕೆಲವೇ ಮೀಟರ್ ಅಂತರಕ್ಕೆ ಬರುವ ಆ ಕಿರಿದಾದ ಬಾಗಿಲವರೆಗೆ ನಡೆದು, ಅಲ್ಲಿ ಕೂತು ಮೊಸರನ್ನ ತಿಂದು, ಸಂಜೆ ದೋಣಿಗೆ ವಾಪಸ್ ಬಂದೆವು. ಮೇಲಿನಿಂದ ಇಳಿದು ಬಂದವರೆಲ್ಲ ಕಾಲು ಎಳೆಯುತ್ತಿದ್ದರು. ನಮ್ಮ ಚಿಕ್ಕವಳು ದೋಣಿಯ ಮೇಲೆ ಓಡಾಡುತ್ತಿದ್ದಳು.