ಕಲ್ಲು ಬಿಡುವುದನ್ನು ಮೊದಲು ಕಲಿಯಿರಿ: ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶದ ವಿಡಿಯೊ ಆಟದಲ್ಲಿ ಗಣಿಗಾರಿಕೆ

ಎಲೀಟ್ ಡೇಂಜರಸ್‌ಗೆ ಹೊಸದಾಗಿ ಬಂದವರು ಗಣಿಗಾರಿಕೆಯಲ್ಲಿ ಎಡವುವುದು ಒಂದೇ ಜಾಗದಲ್ಲಿ: ಕಣ್ಣಿಗೆ ಬಿದ್ದ ಮೊದಲ ಬಂಡೆಗೇ ಲೇಸರ್ ಹಿಡಿದು ಕೂತುಬಿಡುತ್ತಾರೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಡಗಿನಲ್ಲಿ ಹತ್ತು ಟನ್ ಬಾಕ್ಸೈಟ್. ಮಾರುವ ಹೊತ್ತಿಗೆ ಹಡಗನ್ನೇ ಮಾರಿಬಿಡೋಣ ಅನ್ನಿಸುತ್ತದೆ. ಈ ಆಟದ ಗಣಿಗಾರಿಕೆಯಲ್ಲಿ ಅಗೆಯುವ ಕೈಚಳಕ ಎರಡನೆಯದು, ಯಾವ ಬಂಡೆ ಬೇಡ ಎಂದು ಬೇಗ ತೀರ್ಮಾನಿಸುವುದೇ ಮೊದಲನೆಯದು.

2018ರ ಡಿಸೆಂಬರ್ ಅಪ್‌ಡೇಟಿನವರೆಗೆ ಇದ್ದದ್ದು ಲೇಸರ್ ಮಾತ್ರ. ಆಮೇಲೆ ಮೇಲ್ಮೈ ನಿಕ್ಷೇಪ, ಒಳಪದರದ ನಿಕ್ಷೇಪ ಮತ್ತು ಬಂಡೆಯನ್ನೇ ಸೀಳುವ ಕೋರ್ ಗಣಿಗಾರಿಕೆ ಸೇರಿಕೊಂಡವು. ಲೇಸರ್ ಮೊದಲು ಕಲಿಯಿರಿ, ಅದು ಕೈಗೆ ಹತ್ತಿದ ಮೇಲೆ ಕೋರ್. ಉಳಿದೆರಡಕ್ಕಾಗಿ ಹುಡುಕಿಕೊಂಡು ಹೋಗಬೇಕಿಲ್ಲ, ದಾರಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಿ.

ಹಡಗು, ಸಾಮಾನು

ದುಡ್ಡು ಕಡಿಮೆಯಿದ್ದರೆ ಕೋಬ್ರಾ ಎಂಕೆ 3 ಸಾಕು, ಬರೀ ಹಡಗಿನ ಬೆಲೆ ಸುಮಾರು 3.5 ಲಕ್ಷ ಕ್ರೆಡಿಟ್. ಟೈಪ್-6ರಲ್ಲಿ ಸರಕಿಗೆ ಜಾಗ ಜಾಸ್ತಿ, ಆದರೆ ಅದರಲ್ಲಿರುವುದು ಎರಡೇ ಹಾರ್ಡ್‌ಪಾಯಿಂಟ್ (ಆಯುಧ ಕೂರಿಸುವ ಜಾಗ), ಎರಡೂ ಸಣ್ಣವು. ಬಂಡೆ ಸೀಳುವ ಸ್ಫೋಟಕ ಹಾರಿಸುವ ಸೀಸ್ಮಿಕ್ ಚಾರ್ಜ್ ಲಾಂಚರ್‌ಗೆ ಮಧ್ಯಮ ಗಾತ್ರದ ಹಾರ್ಡ್‌ಪಾಯಿಂಟ್ ಬೇಕಾದ್ದರಿಂದ ಟೈಪ್-6ರಲ್ಲಿ ಕೋರ್ ಗಣಿಗಾರಿಕೆ ಆಗದು. ಇದನ್ನು ಕೊಂಡ ಮೇಲೆ ತಿಳಿದುಕೊಳ್ಳುವವರೇ ಹೆಚ್ಚು.

5.7 ಕೋಟಿ ಕ್ರೆಡಿಟ್ ಕೂಡಿಸಿದವರಿಗೆ ಪೈಥಾನ್ ಇದೆ. ನಾಲ್ಕೂ ವಿಧಾನ ಒಂದೇ ಹಡಗಿನಲ್ಲಿ ನಡೆಯುತ್ತವೆ, ಮಧ್ಯಮ ಪ್ಯಾಡಿನಲ್ಲೂ ಇಳಿಯುತ್ತದೆ. ಐದು ಹಾರ್ಡ್‌ಪಾಯಿಂಟ್‌ಗಳಲ್ಲಿ ಎರಡಕ್ಕೆ 2ನೇ ಗಾತ್ರದ ಮೈನಿಂಗ್ ಲೇಸರ್, ಉಳಿದ ಮೂರಕ್ಕೆ ಅಬ್ರೇಷನ್ ಬ್ಲಾಸ್ಟರ್, ಸೀಸ್ಮಿಕ್ ಚಾರ್ಜ್ ಲಾಂಚರ್ ಮತ್ತು ಸಬ್‌ಸರ್ಫೇಸ್ ಡಿಸ್‌ಪ್ಲೇಸ್‌ಮೆಂಟ್ ಮಿಸೈಲ್ ಒಂದೊಂದು. ಯುಟಿಲಿಟಿ ಜಾಗದಲ್ಲಿ ಕೋರ್ ಇರುವ ಬಂಡೆ ಗುರುತಿಸುವ ಪಲ್ಸ್ ವೇವ್ ಅನಲೈಸರ್. ಒಳಗಿನ ಜೋಡಣೆ ಹೀಗಿರಲಿ (ಲಿಂಪೆಟ್ ಎಂದರೆ ಪುಟ್ಟ ಡ್ರೋನ್: ಕಲೆಕ್ಟರ್ ಚೂರು ಹೆಕ್ಕುತ್ತದೆ, ಪ್ರಾಸ್ಪೆಕ್ಟರ್ ಬಂಡೆಯಲ್ಲಿ ಏನಿದೆಯೆಂದು ಹೇಳುತ್ತದೆ; ಚೂರನ್ನು ಸರಕಾಗಿಸುವುದು ರಿಫೈನರಿ):

- 6ನೇ ಗಾತ್ರದ ಮೂರು ಜಾಗ: ಕಾರ್ಗೋ ರ್‍ಯಾಕ್, ಒಟ್ಟು 192 ಟನ್
- 5ನೇ ಗಾತ್ರದ ಎರಡು: ಒಂದಕ್ಕೆ ಶೀಲ್ಡ್, ಇನ್ನೊಂದಕ್ಕೆ ಕಲೆಕ್ಟರ್ ಲಿಂಪೆಟ್ ಕಂಟ್ರೋಲರ್
- 4ನೇ ಗಾತ್ರ: ಹತ್ತು ಬಿನ್ ಇರುವ 4-ಎ ರಿಫೈನರಿ
- 3ನೇ ಗಾತ್ರದ ಎರಡು: ಪ್ರಾಸ್ಪೆಕ್ಟರ್ ಕಂಟ್ರೋಲರ್ ಒಂದು, ಇನ್ನೊಂದು ಕಲೆಕ್ಟರ್
- 1ನೇ ಗಾತ್ರ: ಡೀಟೇಲ್ಡ್ ಸರ್ಫೇಸ್ ಸ್ಕ್ಯಾನರ್

5ನೇ ಗಾತ್ರದ ಕಲೆಕ್ಟರ್ ಕಂಟ್ರೋಲರ್ ಮೂರು, 3ನೇ ಗಾತ್ರದ್ದು ಎರಡು ಲಿಂಪೆಟ್ ನಡೆಸುತ್ತವೆ, ಒಟ್ಟು ಐದು. ಎಲ್ಲೆಲ್ಲೋ ಉಳಿತಾಯ ಮಾಡಿ, ಪ್ರಾಸ್ಪೆಕ್ಟರ್‌ನಲ್ಲಿ ಮಾತ್ರ ಬೇಡ. ಎ ದರ್ಜೆಯದನ್ನೇ ಹಾಕಿ, ಏಕೆಂದರೆ ಅದು ತಾಕಿದ ಬಂಡೆಯಿಂದ ಉದುರುವ ಚೂರುಗಳೇ ಹೆಚ್ಚು.

ಲಿಂಪೆಟ್ ಕಂಟ್ರೋಲರ್ ಹಾಕಿದ ಮಾತ್ರಕ್ಕೆ ಲಿಂಪೆಟ್ ಬರುವುದಿಲ್ಲ. ನಿಲ್ದಾಣದ ಅಡ್ವಾನ್ಸ್ಡ್ ಮೇಂಟೆನೆನ್ಸ್‌ಗೆ ಹೋಗಿ, ರೀಸ್ಟಾಕ್‌ನಲ್ಲಿ ಒಂದಕ್ಕೆ ಸುಮಾರು 100 ಕ್ರೆಡಿಟ್ ಕೊಟ್ಟು ಕೊಳ್ಳಬೇಕು. ಒಂದು ಲಿಂಪೆಟ್ ಒಂದು ಟನ್ ಜಾಗ ತಿನ್ನುತ್ತದೆ. ಈ ಪೈಥಾನ್‌ಗೆ 120ರ ಆಸುಪಾಸು ತುಂಬಿಸಿ. ಹತ್ತಿಪ್ಪತ್ತು ಹಾಕಿಕೊಂಡು ಹೋದರೆ ಅರ್ಧಕ್ಕೇ ವಾಪಸ್ ಬರಬೇಕಾಗುತ್ತದೆ. ಕೊನೆಗೆ ಸರಕಿಗೆ ಜಾಗ ಸಾಲದಿದ್ದರೆ ಉಳಿದ ಲಿಂಪೆಟ್‌ಗಳನ್ನು ಹೊರಗೆಸೆದರಾಯಿತು.

ಉಂಗುರ ಆರಿಸುವುದು

ಗ್ರಹದ ಉಂಗುರದಲ್ಲಿ ನಾಲ್ಕು ಜಾತಿ: ಹಿಮದ್ದು, ಕಲ್ಲಿನದು, ಲೋಹಭರಿತ, ಲೋಹದ್ದು. ಪ್ಲಾಟಿನಂಗೆ ಲೋಹದ ಉಂಗುರ. ಕೋರ್‌ನಲ್ಲಿ ಸಿಗುವ ವಾಯ್ಡ್ ಓಪಲ್‌ಗೆ, ಲೋ ಟೆಂಪರೇಚರ್ ಡೈಮಂಡ್‌ಗೆ, ಆಟಗಾರರ ದೈತ್ಯ ಫ್ಲೀಟ್ ಕ್ಯಾರಿಯರ್ ಹಡಗುಗಳ ಇಂಧನವಾದ ಟ್ರಿಟಿಯಂಗೆ ಹಿಮದ ಉಂಗುರ. ಸಿಸ್ಟಂ ಮ್ಯಾಪಿನಲ್ಲಿ ಗ್ರಹದ ಮೇಲಿಟ್ಟರೆ ನಿಕ್ಷೇಪದ ಮಟ್ಟವೂ ಕಾಣುತ್ತದೆ. ಪ್ರಿಸ್ಟೀನ್ ಎಂದಿರುವುದನ್ನೇ ಹಿಡಿಯಿರಿ, ಡಿಪ್ಲೀಟೆಡ್ ಎಂದಿದ್ದರೆ ಆ ಕಡೆ ತಲೆ ಹಾಕಬೇಡಿ.

ಉಂಗುರದ ಹತ್ತಿರ ಹೋಗಿ ಅನಾಲಿಸಿಸ್ ಮೋಡ್‌ಗೆ ಬದಲಿಸಿ, ಸರ್ಫೇಸ್ ಸ್ಕ್ಯಾನರ್ ತೆರೆದು ಉಂಗುರದ ಕಡೆ ಪ್ರೋಬ್ ಹಾರಿಸಿ. ಹಾಟ್‌ಸ್ಪಾಟ್‌ಗಳು ತೋರುತ್ತವೆ, ನ್ಯಾವಿಗೇಷನ್ ಪ್ಯಾನಲ್‌ನಲ್ಲಿ ಅವನ್ನು ಗುರಿಯಾಗಿ ಹಿಡಿಯಬಹುದು. ಹಾಟ್‌ಸ್ಪಾಟ್ ಎಂದರೆ ಅಲ್ಲಿರುವ ಪ್ರತಿ ಬಂಡೆಯಲ್ಲೂ ಆ ಖನಿಜ ಎಂದಲ್ಲ, ಸಿಗುವ ಸಂಭವ ಹೆಚ್ಚು ಅಷ್ಟೇ.

ಇಳಿದ ಕೂಡಲೇ ಕಡಲ್ಗಳ್ಳರು ಬಂದು ನಿಮ್ಮ ಸರಕು ಸ್ಕ್ಯಾನ್ ಮಾಡುತ್ತಾರೆ. ಗಾಬರಿ ಬೇಡ. ಹಡಗಿನಲ್ಲಿ ಬರೀ ಲಿಂಪೆಟ್ ಇದ್ದರೆ ಬೈದುಕೊಂಡು ಹೋಗುತ್ತಾರೆ. ಅವರು ಹೋಗುವವರೆಗೆ ಒಂದು ಚೂರನ್ನೂ ಎತ್ತಬೇಡಿ. ಅರ್ಧ ತುಂಬಿದ ಹಡಗಿನಲ್ಲಿ ಆಟ ಮುಚ್ಚಿ ಮತ್ತೆ ಅಲ್ಲೇ ತೆರೆದರೆ ಹೊಸ ಕಳ್ಳರು ಬರುತ್ತಾರೆ, ಆಗ ಬರೀ ಬೈಗುಳಕ್ಕೆ ಮುಗಿಯುವುದಿಲ್ಲ. ಊಟಕ್ಕೆ ಎದ್ದು ಹೋಗುವುದಾದರೆ ಸರಕು ಮಾರಿ ಎದ್ದೇಳಿ.

ಲೇಸರ್

ಬಂಡೆಗೆ ಪ್ರಾಸ್ಪೆಕ್ಟರ್ ಹಾರಿಸಿ. ಅದು ಅಂಟಿಕೊಂಡ ಮೇಲೆ ಶೇಕಡಾವಾರು ಪಟ್ಟಿ ಬರುತ್ತದೆ. ಪ್ಲಾಟಿನಂ 20%ಗಿಂತ ಕೆಳಗಿದ್ದರೆ ಮುಂದಿನ ಬಂಡೆಗೆ ನಡೆಯಿರಿ. ಪಟ್ಟಿಯ ಜೊತೆ ಮೆಟೀರಿಯಲ್ ಕಂಟೆಂಟ್ ಹೈ ಎಂದೂ ಬರೆದಿರುತ್ತದೆ. ಅದನ್ನು ನಂಬಿ ಮೋಸ ಹೋಗುವವರಿಗೆ ಲೆಕ್ಕವಿಲ್ಲ. ಅದು ಎಂಜಿನಿಯರಿಂಗ್‌ಗೆ ಬೇಕಾದ ಕಚ್ಚಾ ವಸ್ತುಗಳ ವಿಷಯ, ನೀವು ಮಾರುವ ಖನಿಜಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜ ಜಗತ್ತಿನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ತಂದದ್ದು 121.6 ಗ್ರಾಂ. ಅವರಿಗೆ ಪ್ರತಿ ಕಣವೂ ಮುಖ್ಯ. ನಿಮಗೆ ಹಾಗಲ್ಲ, ಪಕ್ಕದಲ್ಲೇ ಇನ್ನೂ ನೂರು ಬಂಡೆಗಳಿವೆ.

ಒಳ್ಳೆಯ ಬಂಡೆ ಸಿಕ್ಕಿತೆಂದುಕೊಳ್ಳಿ. ಲೇಸರ್‌ನ ವ್ಯಾಪ್ತಿ 500 ಮೀಟರ್, ಅದರೊಳಗೆ ಹೋಗಿ ನಿಲ್ಲಿ. ಶಕ್ತಿ ಹಂಚಿಕೆಯಲ್ಲಿ ನಾಲ್ಕು ಪಿಪ್ (ಶಕ್ತಿಯ ಪಾಲು) ಆಯುಧಕ್ಕೆ, ಎರಡು ಸಿಸ್ಟಮ್ಸ್‌ಗೆ. ಬಂಡೆ ತಿರುಗುತ್ತಿರುತ್ತದಲ್ಲ, ಅದರ ಅಕ್ಷದ ತುದಿಗೆ ಮುಖ ಮಾಡಿ ನಿಂತರೆ ಮೇಲ್ಮೈ ನಿಮ್ಮೆದುರು ನಿಂತಲ್ಲೇ ತಿರುಗುತ್ತದೆ, ಉಬ್ಬುತಗ್ಗು ಬೀಸಿ ಬಂದು ಲಿಂಪೆಟ್‌ಗಳನ್ನು ಬಡಿಯುವುದಿಲ್ಲ. ಕಾರ್ಗೋ ಸ್ಕೂಪ್ ತೆರೆಯಿರಿ.

ಈಗ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಒಂದು ಚೂರನ್ನು ಗುರಿ ಹಿಡಿದಿರುವಾಗಲೇ ಕಲೆಕ್ಟರ್ ಬಿಟ್ಟರೆ ಅದು ಆ ಒಂದನ್ನು ತಂದು ಅಲ್ಲಿಗೇ ಸಾಯುತ್ತದೆ. ಗುರಿಯನ್ನು ಪೂರ್ತಿ ಬಿಟ್ಟು, ಆಮೇಲೆ ಕಲೆಕ್ಟರ್ ಹಾರಿಸಿ. ಆಗ ಆಯಸ್ಸು ಮುಗಿಯುವವರೆಗೂ ಸಿಕ್ಕಿದ್ದನ್ನೆಲ್ಲ ಹೆಕ್ಕುತ್ತಾ ಇರುತ್ತದೆ. ಎ ದರ್ಜೆಯದಕ್ಕೆ ಆಯಸ್ಸು 12 ನಿಮಿಷ. ಲಿಂಪೆಟ್ ಪದೇ ಪದೇ ಸಾಯುತ್ತಿದ್ದರೆ ನೀವು ಬಂಡೆಗೆ ತೀರಾ ಹತ್ತಿರ ಇದ್ದೀರಿ, ಇಲ್ಲವೇ ನಿಂತಲ್ಲಿ ನಿಲ್ಲದೆ ಅಲುಗಾಡುತ್ತಿದ್ದೀರಿ.

ಚೂರು ರಿಫೈನರಿಯ ಬಿನ್ನಿಗೆ ಬೀಳುತ್ತದೆ, ಬಿನ್ 100% ಆದಾಗ ಒಂದು ಟನ್ ಸರಕಾಗುತ್ತದೆ. ಬೇಡದ ಖನಿಜಗಳು ಎಲ್ಲ ಬಿನ್‌ಗಳನ್ನೂ ಹಿಡಿದು ಕೂತರೆ ಕೆಲಸ ನಿಲ್ಲುತ್ತದೆ. ಇನ್ವೆಂಟರಿಯ ರಿಫೈನರಿ ಪುಟದಲ್ಲಿ ಅವನ್ನು ವೆಂಟ್ ಮಾಡಿ. ಅದಕ್ಕಿಂತ ಜಾಣತನವೆಂದರೆ, ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿ ಬೇಡದ ಚೂರನ್ನು ಆರಿಸಿ ಇಗ್ನೋರ್ ಒತ್ತಿಬಿಡುವುದು. ಕಲೆಕ್ಟರ್ ಆ ಜಾತಿಯನ್ನು ಮುಟ್ಟುವುದೇ ಇಲ್ಲ.

ಕೋರ್

ಪಲ್ಸ್ ವೇವ್ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದು ಬಿಟ್ಟರೆ ಎದುರಿನ ಬಂಡೆಗಳು ಮಿನುಗುತ್ತವೆ. ಬಹಳಷ್ಟು ಮಂಕಾಗಿ, ಕೆಲವು ಕಿತ್ತಳೆಯಾಗಿ. ಕೋರ್ ಇರುವುದು ಉಜ್ವಲ ಹಳದಿ, ಅದರ ಮೈಮೇಲೆ ಕಪ್ಪು ಬಿರುಕುಗಳ ಗೆರೆ. ಮೊದಮೊದಲು ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ, ಬಿರುಕಿನ ಗೆರೆ ನೋಡಿ ತೀರ್ಮಾನಿಸಿ. ಆಮೇಲೆ:

1. ಪ್ರಾಸ್ಪೆಕ್ಟರ್ ಹಾರಿಸಿ, ಒಳಗಿರುವುದು ಯಾವ ಖನಿಜವೆಂದು ಖಚಿತಪಡಿಸಿಕೊಳ್ಳಿ. ಬೆಲೆ ಬಾಳದ್ದಾದರೆ ಬಿಡಿ.
2. ಚಾರ್ಜ್ ಹಾಕುವ ಮೊದಲು ಬಂಡೆಯನ್ನು ಒಂದು ಸುತ್ತು ಹಾಕಿ. ಬಿರುಕುಗಳೆಲ್ಲಿ, ಪ್ರತಿಯೊಂದರ ಬಲ ಕಡಿಮೆಯೋ, ಮಧ್ಯಮವೋ, ಹೆಚ್ಚೋ ನೋಡಿಕೊಳ್ಳಿ.
3. ಬಿರುಕಿಗೊಂದು ಚಾರ್ಜ್. ಟ್ರಿಗರ್ ಒತ್ತಿ ಬಿಟ್ಟರೆ ಸಣ್ಣದು, ಹಿಡಿದಷ್ಟೂ ದೊಡ್ಡದು, ಒಟ್ಟು ಮೂರು ಹಂತ. ಮೊದಲ ಚಾರ್ಜ್ ಕಚ್ಚಿದ ಕ್ಷಣದಿಂದ ಗಡಿಯಾರ ಓಡುತ್ತದೆ.
4. ಸ್ಫೋಟದ ಒಟ್ಟು ಬಲ ತೋರಿಸುವ ಗ್ರಾಫ್ ನೋಡುತ್ತಾ ಹೋಗಿ. ಪಟ್ಟಿ ನೀಲಿ ವಲಯದೊಳಗೆ ಬಂದು ನಿಲ್ಲಬೇಕು.
5. ಸ್ಕೂಪ್ ಮುಚ್ಚಿ, ಒಂದೆರಡು ಕಿಲೋಮೀಟರ್ ಹಿಂದೆ ಸರಿದು ಸ್ಫೋಟಿಸಿ.

ಎಲ್ಲ ಬಿರುಕಿಗೂ ದೊಡ್ಡ ಚಾರ್ಜ್ ತುರುಕಿದರೆ ಪಟ್ಟಿ ನೀಲಿಯನ್ನು ದಾಟಿ ಹೋಗುತ್ತದೆ. ಬಂಡೆ ಭರ್ಜರಿಯಾಗಿ ಸಿಡಿಯುತ್ತದೆ, ಒಳಗಿನ ಮಾಲೂ ಅದರ ಜೊತೆ ಹಾಳಾಗುತ್ತದೆ. ನೀಲಿ ತಲುಪದಿದ್ದರೆ ಬಂಡೆ ಸೀಳುವುದೇ ಇಲ್ಲ. ಸಾಂಬಾರಿಗೆ ಉಪ್ಪು ಹಾಕಿದ ಹಾಗೆ, ಕೊನೆಯ ಚಾರ್ಜ್ ಯಾವಾಗಲೂ ಸಣ್ಣದಿರಲಿ. ಹೆಚ್ಚಾಯಿತೆಂದು ಗೊತ್ತಾದರೂ ಸಮಯವಿದೆ: ಕಾಂಟ್ಯಾಕ್ಟ್ಸ್ ಪ್ಯಾನಲ್‌ನಲ್ಲಿ ಆ ಚಾರ್ಜನ್ನು ಆರಿಸಿ ನಿಷ್ಕ್ರಿಯಗೊಳಿಸಬಹುದು.

ಸೀಳಿದ ಮೇಲೆ ತೇಲುವ ತುಂಡುಗಳ ನಡುವೆ ನಿಧಾನವಾಗಿ ನುಗ್ಗಿ ಕಲೆಕ್ಟರ್ ಬಿಡಿ. ತುಂಡುಗಳ ಒಳಮೈಗೆ ಇನ್ನೂ ಹರಳು ಅಂಟಿಕೊಂಡಿರುತ್ತದೆ. ಅದಕ್ಕೇ ಅಬ್ರೇಷನ್ ಬ್ಲಾಸ್ಟರ್, ಹತ್ತಿರ ಹೋಗಿ ಒಂದೊಂದೇ ಹೊಡೆದು ಉದುರಿಸಿ. ಅಬ್ರೇಷನ್ ಮಾಡದೆ ಹೊರಟರೆ ದುಡಿಮೆಯ ಒಂದು ಪಾಲನ್ನು ಅಲ್ಲೇ ಬಿಟ್ಟು ಹೋದ ಹಾಗೆ.

ಇದೇ ಬ್ಲಾಸ್ಟರ್ ಮಾಮೂಲಿ ಬಂಡೆಯ ಮೇಲ್ಮೈ ನಿಕ್ಷೇಪಕ್ಕೂ ಆಗುತ್ತದೆ. ಒಳಪದರದ್ದಕ್ಕೆ ಮಿಸೈಲ್: ಗುರುತಿನ ಮೇಲೆ ಹೊಡೆದು ಟ್ರಿಗರ್ ಹಿಡಿದುಕೊಳ್ಳಿ, ಕೊರೆಯುವ ಸೂಚಿ ನೀಲಿಗೆ ಬಂದಾಗ ಬಿಡಿ.

ಮಾರಾಟಕ್ಕೆ ಹೋಗುವಾಗ ಬೆಲೆಯೊಂದನ್ನೇ ನೋಡಿ ಹೊರಡಬೇಡಿ, ಬೇಡಿಕೆಯ ಅಂಕಿಯನ್ನೂ ನೋಡಿ. ಬೇಡಿಕೆ ನಿಮ್ಮ ಸರಕಿನ ಹಲವು ಪಟ್ಟು ಇರಬೇಕು. 190 ಟನ್ ಪ್ಲಾಟಿನಂ ಹೊತ್ತು 200 ಟನ್ ಬೇಡಿಕೆಯಿರುವ ನಿಲ್ದಾಣಕ್ಕೆ ಹೋದರೆ ಬೋರ್ಡಿನಲ್ಲಿದ್ದ ಬೆಲೆ ನಿಮಗೆ ಸಿಗುವುದಿಲ್ಲ. ಸಣ್ಣ ಔಟ್‌ಪೋಸ್ಟ್‌ಗಳೂ ಒಳ್ಳೆಯ ಬೆಲೆ ಕೊಡುವುದುಂಟು. ಪೈಥಾನ್ ಅಲ್ಲೂ ಇಳಿಯುತ್ತದೆ, ದೊಡ್ಡ ಸರಕು ಹಡಗಾದ ಟೈಪ್-9 ಇಳಿಯುವುದಿಲ್ಲ.